ಆರು ಬಕೆಟ್ ನೀರು

ನಮ್ಮ ಯಜಮಾನರು ಕ್ರೇನ್ ಆಪರೇಟರ್. ಮೂವತ್ತೆರಡು ವರ್ಷದಲ್ಲಿ ಒಂದು ಇಟ್ಟಿಗೆಯನ್ನೂ ಬೀಳಿಸಿದವರಲ್ಲ. ಇದನ್ನು ಅವರೇ ದಿನಕ್ಕೆ ಎರಡು ಸಲ ಹೇಳಿಕೊಳ್ಳುವುದರಿಂದ ನಾನು ಒಂದೇ ಸಲ ಹೇಳಿ ಮುಗಿಸುತ್ತೇನೆ. ಆದರೆ ಅವರ ಜೊತೆ ಅಷ್ಟೇ ವರ್ಷ ಸಂಸಾರ ಮಾಡಿದವಳು ನಾನು, ನನ್ನದೂ ಒಂದು ಮಾತಿದೆ. ಹತ್ತು ಟನ್ ತೂಕವನ್ನು ಗಾಳಿಯಲ್ಲಿ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಲ್ಲ ಈ ಮನುಷ್ಯ, ಸ್ಕೂಟರಿನ ಹಿಂದೆ ಕೂತ ನಾನು "ನಿಲ್ಸಿ" ಅಂದಾಗ ಒಂದು ದಿನವೂ ನಿಲ್ಲಿಸಿದವರಲ್ಲ. ತರಕಾರಿ ಅಂಗಡಿ ದಾಟಿ, ಔಷಧಿ ಅಂಗಡಿ ದಾಟಿ, ತಿರುವಿನಲ್ಲಿ ತಿರುಗಿಯೂ ಆದ ಮೇಲೆ "ಏನೋ ಅಂದ ಹಾಗಿತ್ತಲ್ಲ?" ಅನ್ನುತ್ತಾರೆ.

ಅವರು ಕೆಲಸ ಮಾಡುವ ಸೈಟಿನಲ್ಲೇ, ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ನನ್ನ ಕ್ಯಾಂಟೀನು. ಆರು ಮಹಡಿಯ ಆಸ್ಪತ್ರೆ ಏಳುತ್ತಿತ್ತು. ನೂರಿಪ್ಪತ್ತು ಜನಕ್ಕೆ ದಿನಕ್ಕೆ ಮೂರು ಹೊತ್ತು ಚಹಾ ನನ್ನ ಕೈಯದು. ಶೆಡ್ಡಿನ ಮುಂದಿನ ನೆಲ ಸೈಟಿನ ಉಳಿದ ನೆಲದ ಹಾಗೇ ರೋಲರ್ ಓಡಿಸಿ ಗಟ್ಟಿ ಮಾಡಿದ್ದು. ಬೆಳಗ್ಗೆ ಲೋಟ ತೊಳೆದ ಒಂದು ಬಕೆಟ್ ನೀರು ಚೆಲ್ಲಿದರೆ ಮಧ್ಯಾಹ್ನದವರೆಗೆ ಅಲ್ಲೇ ನಿಂತಿರುತ್ತದೆ, ಚಹಾಕ್ಕೆ ಬಂದವರೆಲ್ಲ ನನ್ನನ್ನು ಬೈದುಕೊಂಡು ದಾಟುತ್ತಾರೆ. ಈ ವಿಷಯ ಮುಂದೆ ಬೇಕಾಗುತ್ತದೆ.

ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತವರಿಗೆ ಎಲ್ಲವೂ ಕಾಣುವುದಿಲ್ಲ. ಕೆಳಗೆ ಒಬ್ಬರು ನಿಂತು ಕೈಸನ್ನೆ ಮಾಡಬೇಕು, ಮೇಲಿನವರು ಅದರ ಪ್ರಕಾರ ನಡೆಯಬೇಕು. ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದು ನನ್ನ ತಮ್ಮ. ಭಾವ-ಭಾಮೈದ ಇಬ್ಬರದೂ ಒಂದೇ ಜೀವ, ಒಂದೇ ಬೀಡಿಕಟ್ಟು. ಹೋದ ವರ್ಷ ಕಣ್ಣಿನ ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದು ಅಂದರೆ ಇವನು "ಯಾವ ಗೋಡೆ?" ಅಂದನಂತೆ. ಅವನನ್ನು ಸರಪಳಿ, ಬೆಲ್ಟು ಇಡುವ ಸ್ಟೋರಿಗೆ ಹಾಕಿದರು. ಅವನ ಜಾಗಕ್ಕೆ ಪರೀಕ್ಷೆ ಪಾಸು ಮಾಡಿ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಎದೆಗೆ ಸನ್ನೆ ಮಾಡುವವರ ಪಾಸ್ ಚುಚ್ಚಿಕೊಂಡು ಬಂದವಳು ನನ್ನ ಸೊಸೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಮಾವನಿಗೆ ಯಾವ ಕಾಲ ಎಂದು ಯಾರೂ ಹೇಳಿಟ್ಟಿಲ್ಲ. ಮನೆಯಲ್ಲಿ "ಮಾವ, ಊಟಕ್ಕೆ ಬನ್ನಿ" ಅನ್ನುವ ಹುಡುಗಿ ಇಲ್ಲಿ ಒಂದು ಬೆರಳು ಆಡಿಸಿದರೆ ಮಾವ ಕೊಕ್ಕೆ ಇಳಿಸಬೇಕು. ಮುಷ್ಟಿ ಕಟ್ಟಿದರೆ ಉಸಿರು ಹಿಡಿದು ಕೂತಿರಬೇಕು. ಯಜಮಾನರ ಮುಖ ಹುಳಿ ಕುಡಿದವರ ಹಾಗಾಗಿತ್ತು. ಹೊಟ್ಟೆಯೊಳಗಿನ ಉರಿಗೆ ಮದ್ದು ನನ್ನ ಕ್ಯಾಂಟೀನಿನಲ್ಲಿರಲಿಲ್ಲ.

ಸೈಟಿನ ಮುಖ್ಯಸ್ಥರಿಗೆ ನಾವೆಲ್ಲ ಇಟ್ಟ ಹೆಸರು ಗಡಿಯಾರ. ಮಾತಾಡುವಾಗ ಎದುರಿದ್ದವರ ಮುಖ ನೋಡಿದ್ದಕ್ಕಿಂತ ಕೈಗಡಿಯಾರ ನೋಡಿದ್ದೇ ಹೆಚ್ಚು. ಸೊಸೆ ಬಂದ ಎರಡು ತಿಂಗಳಲ್ಲಿ ಎರಡು ಸಲ ಕೆಲಸ ನಿಲ್ಲಿಸಿದ್ದಳು. ಒಂದು ಸಲ ಗಾಳಿ ಎದ್ದಿತೆಂದು. ಗಡಿಯಾರ ಬಂದು ನೋಡುವಷ್ಟರಲ್ಲಿ ಗಾಳಿ ಮಲಗಿತ್ತು. ಇನ್ನೊಂದು ಸಲ ತೂಗುತ್ತಿದ್ದ ಕಬ್ಬಿಣದ ಕಟ್ಟಿನ ಕೆಳಗೆ ಯಾರೋ ನುಸುಳಿದರೆಂದು. ಗಡಿಯಾರ ಬರುವಷ್ಟರಲ್ಲಿ ನುಸುಳಿದವನು ನನ್ನ ಕ್ಯಾಂಟೀನಿನಲ್ಲಿ ಏನೂ ಅರಿಯದ ಪಾಪದವನ ಹಾಗೆ ಚಹಾ ಕುಡಿಯುತ್ತಿದ್ದ.

"ಇನ್ನೊಂದು ಸಲ ಕಾರಣ ಇಲ್ದೆ ನಿಲ್ಸಿದ್ರೆ ಪಾಸ್ ಬಿಚ್ಚಿಟ್ಟು ಹೊರಡ್ತಾ ಇರು" ಎಂದು ಗಡಿಯಾರ ಎಲ್ಲರೆದುರೇ ಹೇಳಿಬಿಟ್ಟರು. ಆ ಪಾಸಿಗಾಗಿ ಅವಳು ಒಂದು ವರ್ಷ ಒಲೆಯ ಮುಂದೆ ಪುಸ್ತಕ ಹಿಡಿದು ಓದಿದ್ದು ನನಗೆ ಗೊತ್ತು. ಎರಡು ಸಲ ಸಾರು ಸೀದದ್ದೂ ಗೊತ್ತು.

ಆಸ್ಪತ್ರೆಯ ದೊಡ್ಡ ಜನರೇಟರನ್ನು ಕ್ರೇನಿನಿಂದ ಕಟ್ಟಡದ ಮೇಲೇರಿಸುವ ಹಿಂದಿನ ದಿನ ಸಂಜೆ ಭಾವ-ಭಾಮೈದ ನನ್ನ ಶೆಡ್ಡಿನ ಹಿಂದೆ ಗುಸುಗುಸು ಶುರುಮಾಡಿದರು. ತಗಡಿಗೆ ಕಿವಿಯಿಲ್ಲ ಎಂದುಕೊಂಡಿರಬೇಕು.

"ಮೂರನೇದನ್ನ ನಾವೇ ಮಾಡಿಸೋಣ ಭಾವ. ಕ್ರೇನಿನ ಹಿಂದಿನ ಎಡಗಾಲಿನ ಹತ್ರ ನೆಲ ಒದ್ದೆ ಕಂಡ್ರೆ, ಮೆತ್ತಗಿದೆ ಅಂತ ಅವಳು ನಿಲ್ಸೇ ನಿಲ್ಲಿಸ್ತಾಳೆ. ಪುಸ್ತಕದ ಹುಳ ಅಲ್ವಾ."

"ಗಡಿಯಾರ ಬಂದು ಕೆರೆದು ನೋಡ್ತಾರೆ. ಕೆಳಗೆ ಕಲ್ಲಿನಂಥ ನೆಲ."

"ಅಷ್ಟೇ. ಪಾಸ್ ಹೋಯ್ತು. ಕಣ್ಣಿಗೆ ಆಪರೇಷನ್ ಮಾಡಿಸ್ಕೊಂಡು ನಾನು ವಾಪಸ್ ಬಂದೆ."

ಅರವತ್ತು ಹತ್ತಿರ ಬಂದವರ ಬುದ್ಧಿ ನೋಡಿ! ಮುಖಕ್ಕೆ ಉಗಿಯಬಹುದಿತ್ತು. ಆದರೆ ಜಾಣತನ ಏನು ಅವರೊಬ್ಬರ ಸೊತ್ತೇ? ರಾತ್ರಿ ಪಾತ್ರೆ ತೊಳೆಯುವಾಗ ಸೊಸೆಗೆ ಎಲ್ಲ ಹೇಳಿದೆ.

"ನಾಳೆ ಕ್ರೇನಿನ ಹಿಂದಿನ ಎಡಗಾಲಿನ ಹತ್ರ ಒದ್ದೆ ಕಂಡ್ರೆ ಹೆದರ್ಬೇಡ. ನಿಮ್ಮ ಮಾವಂದೇ ಕಿತಾಪತಿ. ನೀನು ಸುಮ್ನೆ ಕೆಲಸ ನಡೆಸು. ಇಂಗು ತಿಂದ ಮಂಗಗಳ ಹಾಗೆ ಕೂತಿರ್ಲಿ ಇಬ್ರೂ."

ಅವಳು ಸೋಪು ಮೆತ್ತಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಿಗಿದುಕೊಳ್ಳಬೇಕು ಅನ್ನಿಸುತ್ತದೆ.

ಮರುದಿನ ಬೆಳಗ್ಗೆ ಏಳಕ್ಕೆ ನನ್ನ ತಮ್ಮ ನನ್ನ ಡ್ರಮ್ಮಿನಿಂದಲೇ ಆರು ಬಕೆಟ್ ನೀರು ಹೊತ್ತ. ಕೇಳಿದ್ದಕ್ಕೆ "ಧೂಳು ಅಕ್ಕ, ಧೂಳು" ಅಂದ. ಕ್ರೇನು ನಾಲ್ಕೂ ಕಬ್ಬಿಣದ ಕಾಲುಗಳನ್ನು ಪೂರ್ತಿ ಅಗಲಿಸಿ, ದಪ್ಪ ಮರದ ದಿಮ್ಮಿಗಳ ಮೇಲೆ ಊರಿ ನಿಂತಿತ್ತು. ಹಿಂದಿನ ಎಡಗಾಲಿನ ಸುತ್ತ ಆರೂ ಬಕೆಟ್ ಸುರಿದು, ತೊಯ್ದ ಪ್ಯಾಂಟು ಒದರಿಕೊಳ್ಳುತ್ತಾ ಸ್ಟೋರಿಗೆ ಓಡಿದ. ಯಜಮಾನರು ಕ್ಯಾಬಿನ್ನಿನಲ್ಲಿ ಕೂತು ಮೀಸೆಯಡಿ ನಗುತ್ತಿದ್ದರು.

ಸೊಸೆ ಬಂದಳು. ಕಾಲುಗಳ ಸುತ್ತ ಹೋದಳು, ಮಟ್ಟಗೋಲು ಇಟ್ಟು ನೋಡಿದಳು, ಕೊಕ್ಕೆಯ ಚಿಲಕ ತೆಗೆದು ಮುಚ್ಚಿದಳು. ಎಡಗಾಲಿನ ಹತ್ತಿರದ ಒದ್ದೆಯನ್ನು ಕಂಡಳು, ಶೆಡ್ಡಿನ ಬಾಗಿಲಲ್ಲಿದ್ದ ನನ್ನ ಕಡೆ ನೋಡಿದಳು. ನಾನು ಕಣ್ಣು ಹೊಡೆದೆ. ಅವಳು ಮುಂದೆ ಹೋದಳು. ನಕಾಶೆಯಲ್ಲೂ ಅಲ್ಲಿ ಗಟ್ಟಿ ನೆಲವೆಂದೇ ಇತ್ತು ಎಂದು ಆಮೇಲೆ ತಿಳಿಯಿತು.

ಏಳೂವರೆಗೆ ಜನರೇಟರ್ ಹೊತ್ತ ಲಾರಿ ಬಂದು ಕ್ರೇನಿನ ಬಲಕ್ಕೆ ನಿಂತಿತು. ಎಂಟು ಟನ್ನಿನ ಸರಕು. ಸೊಸೆ ಅದನ್ನು ಮೊದಲು ಒಂದು ಗೇಣು ಮಾತ್ರ ಎತ್ತಿಸಿ ಹಿಡಿಸಿದಳು. ಹಾಗೆ ಹಿಡಿದು ನೋಡುವುದು ಅವರ ಕೆಲಸದ ಕ್ರಮ. ಎಲ್ಲ ಸರಿಯಿತ್ತು, ಭಾರವೆಲ್ಲ ಬಲಗಡೆ ಇತ್ತಲ್ಲ. ಇನ್ನು ಮೇಲಕ್ಕೆತ್ತಿ, ಕ್ರೇನಿನ ಉದ್ದ ತೋಳನ್ನು ಹಿಂಬದಿಯ ಮೇಲಿಂದ ಎಡಕ್ಕೆ ತಿರುಗಿಸಿ, ಕಟ್ಟಡದ ಮೇಲೆ ಇಳಿಸಬೇಕು. ತೋಳು ಯಾವ ಕಡೆ ಹೋಗುತ್ತದೋ ಭಾರ ಆ ಕಡೆಯ ಕಾಲಿನ ಮೇಲೆ ಬೀಳುತ್ತದೆ. ಇಷ್ಟು ವರ್ಷ ಒಂದೇ ಹಾಡು ಕೇಳಿ ಕೇಳಿ ನನಗೂ ಇದು ಬಾಯಿಪಾಠ.

ನಾನು ಕೆಟಲಿನಲ್ಲಿ ಚಹಾ ತುಂಬಿಕೊಂಡು ಸ್ಟೋರಿನ ಕಡೆ ಹೊರಟೆ. ತಮ್ಮನ ಸೋತ ಮುಖ ನೋಡುವ ಆಸೆ ಬೇರೆ. ಶೆಡ್ಡಿನ ಮುಂದೆ ಬೆಳಗ್ಗೆ ಚೆಲ್ಲಿದ ಲೋಟದ ನೀರು ಎಂದಿನಂತೆ ಕೆರೆಯಾಗಿ ನಿಂತಿತ್ತು. ಸೀರೆ ಎತ್ತಿಕೊಂಡು ದಾಟಿದೆ. ಕ್ರೇನಿನಿಂದ ದೂರಕ್ಕೆ ಕಟ್ಟಿದ್ದ ಪಟ್ಟಿಯ ಹೊರಗೆ ನಡೆಯುತ್ತಾ ಆ ಎಡಗಾಲಿನ ಕಡೆ ನೋಡಿದೆ. ಬರೀ ತೇವವಿತ್ತು. ಅಂಗೈಯಗಲ ನೀರೂ ನಿಂತಿರಲಿಲ್ಲ.

ಒಂದು ಬಕೆಟ್ ನೀರು ನನ್ನ ಬಾಗಿಲಲ್ಲಿ ಅರ್ಧ ದಿನ ನಿಲ್ಲುತ್ತದೆ. ಅದೇ ನೆಲದಲ್ಲಿ ಆರು ಬಕೆಟ್ ನೀರು ಅರ್ಧ ಗಂಟೆಯಲ್ಲಿ ಎಲ್ಲಿಗೆ ಹೋಯಿತು? ಬಿಸಿಲೂ ಏರಿರಲಿಲ್ಲ. ಕೆಳಗೆ ಎಲ್ಲೋ ಟೊಳ್ಳಿರದೆ ನೀರು ಇಳಿಯುವುದಿಲ್ಲ. ತಲೆಯೆತ್ತಿದರೆ ಜನರೇಟರ್ ಆಗಲೇ ಮೇಲಿತ್ತು, ತೋಳು ನಿಧಾನ ಎಡಕ್ಕೆ ತಿರುಗಲು ಶುರುವಾಗಿತ್ತು. ಒಳಗೆ ಕೂತಿದ್ದವರು ನನ್ನ ಗಂಡ.

ಸೈಟಿಗೆ ಸೇರಿದ ಮೊದಲ ದಿನ ಸುರಕ್ಷತೆಯ ಅಧಿಕಾರಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ್ದರು: "ಎತ್ತು, ಇಳಿಸು, ತಿರುಗಿಸು ಅನ್ನೋದನ್ನ ಒಬ್ಬರೇ ಹೇಳ್ಬೇಕು. ನಿಲ್ಸು ಅನ್ನೋದನ್ನ ಮಾತ್ರ ಯಾರು ಬೇಕಾದ್ರೂ ಹೇಳಬಹುದು. ಹೇಳಿದವರು ಯಾರು ಅಂತ ಆಪರೇಟರ್ ಕೇಳೋ ಹಾಗಿಲ್ಲ." ಎರಡೂ ಕೈ ಅಗಲಿಸಿ, ಅಂಗೈ ಕೆಳಮುಖ ಮಾಡಿ ಬೀಸಿ ತೋರಿಸಿ, ನಮ್ಮಿಂದಲೂ ಮಾಡಿಸಿದ್ದರು. ಚಹಾ ಮಾರುವವಳಿಗೆ ಈ ಕವಾಯತು ಯಾಕೆ ಎಂದು ಗೊಣಗಿಕೊಂಡೇ ಮಾಡಿದ್ದೆ.

ಕೆಟಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಕ್ಯಾಬಿನ್ನಿಗೆ ಕಾಣುವ ಹಾಗೆ ಓಡಿ ನಿಂತು ಎರಡೂ ಕೈ ಅಗಲಿಸಿ ಬೀಸಿದೆ. ಸ್ಕೂಟರಿನ ಮೇಲಿನ ಮೂವತ್ತೆರಡು ವರ್ಷ ಕಣ್ಣ ಮುಂದೆ ಬಂತು. ಈ ಮನುಷ್ಯ ನಿಲ್ಲಿಸುವುದಿಲ್ಲ, ತಿರುವು ದಾಟಿದ ಮೇಲೆ ಏನಂದೆ ಅಂತಾನೆ, ಎಂದು ಹೆದರಿ ಅಳುವೇ ಬಂತು. ಸೊಸೆ ನನ್ನನ್ನು ನೋಡಿದಳು. ಯಾಕೆ ಅತ್ತೆ ಎಂದು ಕೇಳಲಿಲ್ಲ. ಇದು ಮೂರನೆಯದು ಎಂದು ಗೊತ್ತಿದ್ದೂ ತನ್ನ ಎರಡು ಕೈಗಳನ್ನೂ ಅಗಲಿಸಿದಳು.

ಕ್ರೇನು ನಿಂತಿತು.

ಅವಳ ಸನ್ನೆಯಂತೆ ತೋಳು ಬಂದ ದಾರಿಯಲ್ಲೇ ಮೆಲ್ಲನೆ ಬಲಕ್ಕೆ ಹೋಯಿತು, ಜನರೇಟರ್ ಲಾರಿಯ ಮೇಲೆ ಇಳಿಯಿತು. ಅಷ್ಟರಲ್ಲಿ ಗಡಿಯಾರ ಮಣಿಕಟ್ಟು ನೋಡಿಕೊಂಡೇ ಬಂದರು.

"ಮೂರು ಆಯ್ತು. ಕಾರಣ ಏನಮ್ಮ?"

ಸೊಸೆಗೆ ಕಾರಣವೇ ಗೊತ್ತಿರಲಿಲ್ಲ. ಅವಳ ಕೈ ಎದೆಯ ಮೇಲಿನ ಪಾಸಿನ ಪಿನ್ನಿಗೆ ಹೋಯಿತು. ನಾನು ಕ್ಯಾಬಿನ್ನಿನಿಂದ ಇಳಿದ ಯಜಮಾನರನ್ನೇ ಕೇಳಿದೆ.

"ರೀ, ಆ ನೀರೆಲ್ಲಿ ಹೋಯ್ತು?"

ಅವರು ಎಡಗಾಲಿನ ಕಡೆ ತಿರುಗಿದರು. ಅವರ ಮುಖ ಬಿಳುಚಿಕೊಂಡದ್ದನ್ನು ನಾನು ಆವತ್ತೇ ನೋಡಿದ್ದು. ಹಾರೆ ತಂದು, ದಿಮ್ಮಿಯಿಂದ ಗೇಣು ದೂರದಲ್ಲಿ ಎತ್ತಿ ಕುಕ್ಕಿದರು. ಮೊದಲ ಏಟಿಗೆ ಠಣ್ ಎಂದಿತು. ಎರಡನೆಯದಕ್ಕೆ ಹಾರೆ ಅವರ ಹಿಡಿಯವರೆಗೂ ಇಳಿದು ಹೋಯಿತು. ಹೊರಗೆ ಎಳೆದಾಗ ಬಂದ ವಾಸನೆಗೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದೆವು. ಹಿಂದೆ ಅಲ್ಲಿದ್ದ ಹಳೆಯ ಕಟ್ಟಡದ ಕಕ್ಕಸಿನ ಗುಂಡಿ. ಮೇಲೊಂದು ಬಿರುಕುಬಿಟ್ಟ ತೆಳು ಕಾಂಕ್ರೀಟ್ ಹಾಸು, ಅದರ ಮೇಲೆ ಮಣ್ಣು. ನಕಾಶೆ ಬರೆದವರ ಮೂಗಿಗೆ ಅದು ಬಡಿದಿರಲಿಲ್ಲ.

ಗಡಿಯಾರ ಮೊದಲ ಸಲ ಗಡಿಯಾರ ನೋಡುವುದನ್ನು ಮರೆತರು. "ನೀರು ಅಂದ್ರಲ್ಲ, ಯಾವ ನೀರು? ಯಾರು ಹಾಕಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಗದ್ದಲ ಕೇಳಿ ಸ್ಟೋರಿನಿಂದ ಬಂದಿದ್ದ ನನ್ನ ತಮ್ಮ ತೊಯ್ದ ಪ್ಯಾಂಟಿನ ಮುಂದೆ ಎರಡೂ ಕೈ ಅಡ್ಡ ಹಿಡಿದ. ಯಜಮಾನರು ಬಾಯಿ ತೆರೆದರು. ಮೂವತ್ತೆರಡು ವರ್ಷದ ಹೆಸರು ಆ ಬಾಯಿಯ ತುದಿಯಲ್ಲಿ ಬಂದು ನಿಂತಿತ್ತು. ಅಷ್ಟರಲ್ಲಿ ಸೊಸೆ ಮಾತಾಡಿದಳು.

"ನಮ್ಮ ಮಾವ ಸರ್. ಬೆಳಗ್ಗೆ ಬೇಗ ಬಂದು ಪರೀಕ್ಷೆಗೆ ಅಂತ ಆರು ಬಕೆಟ್ ಹಾಕಿಸಿದ್ರು. ನೀರು ಇಂಗಿಹೋದದ್ದು ಅತ್ತೆ ಕಣ್ಣಿಗೆ ಬಿತ್ತು, ಅದಕ್ಕೇ ನಿಲ್ಸಿದ್ವಿ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗಡಿಯಾರ ಯಜಮಾನರ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ಯಜಮಾನರು ಆ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು.

"ಆದ್ರೆ ಸರ್" ಎಂದು ಸೊಸೆ ಮುಂದುವರಿಸಿದಳು, "ನೀರು ಹಾಕಿದ್ರೆ ಗಟ್ಟಿ ನೆಲಾನೂ ಮೆತ್ತಗಾಗತ್ತೆ. ಇನ್ಮೇಲೆ ಹಾರೆನೇ ಒಳ್ಳೇದು. ಒಂದೊಂದು ಕಾಲಿಗೆ ಮೂರು ಕಡೆ, ನಾಲ್ಕು ಕಾಲಿಗೆ ಹನ್ನೆರಡು. ಕ್ರೇನು ಜಾಗ ಬದಲಾಯಿಸಿದಾಗೆಲ್ಲ. ಮಾವಂಗೆ ಇದರಲ್ಲಿ ಇಷ್ಟು ಆಸಕ್ತಿ ಇದೆ. ಸ್ಟೋರಿನ ಚಿಕ್ಕಮಾವನೂ ಜೊತೆಗಿರ್ತಾರೆ."

"ಇವತ್ತಿಂದಲೇ" ಅಂದರು ಗಡಿಯಾರ.

ಆ ದಿನ ಕ್ರೇನಿಗೆ ಮೂರು ಜಾಗ ನೋಡಿ ಒಂದನ್ನು ಆರಿಸುವಷ್ಟರಲ್ಲಿ ನನ್ನ ಗಂಡ ಮತ್ತು ತಮ್ಮ ಮೂವತ್ತಾರು ಕಡೆ ಹಾರೆ ಹಾಕಿದ್ದರು. ಮಾಡಿದ್ದುಣ್ಣೋ ಮಹರಾಯ. ಚಹಾಕ್ಕೆ ಬಂದಾಗ ಲೋಟ ಹಿಡಿಯಲೂ ಆಗದೆ ಅಂಗೈ ಊದಿಕೊಳ್ಳುತ್ತಿದ್ದರು.

ಸಂಜೆ ಮನೆಯಲ್ಲಿ ಸೊಸೆ ಅವರಿಗೆ ಬಡಿಸಿದಳು. ಅವರು ತಟ್ಟೆಗೆ ಕೈ ಹಾಕಲಿಲ್ಲ.

"ನಾನು ಯಾಕೆ ನೀರು ಹಾಕ್ಸಿದ್ದು ಅಂತ ನಿಂಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು ಮಾವ."

"ಮತ್ತೆ ಗಡಿಯಾರದ ಹತ್ರ ಸುಳ್ಳು ಯಾಕೆ ಹೇಳ್ದೆ?"

"ಸುಳ್ಳೇನು ಬಂತು? ಪರೀಕ್ಷೆಗೇ ತಾನೇ ಹಾಕ್ಸಿದ್ದು. ನೆಲಕ್ಕಲ್ಲ, ನಂಗೆ."

ಅವರು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. "ನಾಳೆ ಹಾರೆ ಯಾವ ಕಾಲಿಂದ ಶುರು ಮಾಡ್ಲಿ, ನೀನೇ ಹೇಳು" ಅಂದರು. ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ನನಗೂ ಕಣ್ಣು ತುಂಬಿತ್ತು.

ಆದರೆ ನಮ್ಮ ಯಜಮಾನರು ಅಷ್ಟಕ್ಕೆ ಬಿಡುವವರೇ? ನನ್ನ ಕಡೆ ತಿರುಗಿ ಮೀಸೆ ತೀಡಿಕೊಂಡು, "ನೀನೇನೂ ಬೀಗಬೇಡ. ಬೆಳಗ್ಗೆ ನಾನು ನಿಲ್ಸಿದ್ದು ಸೊಸೆ ಕೈ ನೋಡಿ. ನಿನ್ನ ಕೈ ನಂಗೆ ಕಾಣಿಸ್ಲೇ ಇಲ್ಲ. ಮೂವತ್ತೆರಡು ವರ್ಷದಲ್ಲಿ..." ಎಂದು ಶುರುಮಾಡಿದರು.

ನಾನು ಸೌಟು ಕೆಳಗಿಟ್ಟೆ. ಎರಡೂ ಕೈ ಅಗಲಿಸಿ, ಅಂಗೈ ಕೆಳಮುಖ ಮಾಡಿ ಬೀಸಿದೆ.

ನಿಲ್ಲಿಸಿದರು.