ಮಡಚಿದ ಸ್ಟ್ಯಾಂಡ್

ಅರ್ಚನಾಳ ಕಾಲಿನ ಪ್ಲಾಸ್ಟರ್ ನೋಡಲು ಬಂದವರೆಲ್ಲ ಒಂದೇ ಮಾತು ಆಡಿ ಹೋಗುತ್ತಿದ್ದರು: ಹೆಣ್ಣುಮಗಳಿಗೆ ಬುಲೆಟ್ ಯಾಕೆ ಬೇಕಿತ್ತು? ಅವಳ ಅಪ್ಪ ಬೆನಕಪ್ಪ ಬಂದವರಿಗೆಲ್ಲ ಚಹಾ ಕೊಡಿಸುತ್ತಿದ್ದ. ಆದದ್ದು ಹಾಗಲ್ಲ ಎಂದು ಮಾತ್ರ ಹೇಳುತ್ತಿರಲಿಲ್ಲ.

ಕೊಟ್ಟೂರಿನಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಮಗಳು ನರ್ಸ್, ಕೆಲಸ ಚಿಗಟೇರಿಯಲ್ಲಿ. ಬೆಳಗಿನ ಪಾಳಿಗೆ ಬಸ್ ಹೊಂದುತ್ತಿರಲಿಲ್ಲ. ಮನೆಯ ಬುಲೆಟ್ಟನ್ನೇ ಒಯ್ಯುತ್ತೇನೆಂದು ಹಟ ಹಿಡಿದವಳು ಮೆಕ್ಯಾನಿಕ್ ನಯಾಜನ ಹತ್ತಿರ ಓಡಿಸುವುದನ್ನಷ್ಟೇ ಅಲ್ಲ, ಬಿದ್ದರೆ ಎತ್ತುವುದನ್ನೂ ಕಲಿತು ಬಂದಿದ್ದಳು.

"ಅಮಾಸಿ ಪೂಜಿ ಆಗ್ಲಿ, ನೀನ ಮೊದ್ಲು ಓಡ್ಸು" ಎಂದು ಬೆನಕಪ್ಪನೇ ಒಪ್ಪಿದ್ದ.

ಅಮಾವಾಸ್ಯೆಯ ಬೆಳಿಗ್ಗೆ ಗಾಡಿ ತೊಳೆದು, ವಿಭೂತಿ ಎಳೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕಾಯಿಯನ್ನು ಮನೆಮುಂದಿನ ಹಾಸುಗಲ್ಲಿನ ಮೇಲೆಯೇ ಒಡೆದರು. ಅಲ್ಲೇ ಎಡವಟ್ಟಾಯಿತು. ಅರ್ಚನಾ ಗಾಡಿ ಬಿಟ್ಟಾಗ ನಿಂಬೆ ಅಪ್ಪಚ್ಚಿಯಾಯಿತು, ಮುಂದಿನ ಗಾಲಿ ಕಾಯಿನೀರಿನಲ್ಲಿ ಜಾರಿತು, ಬುಲೆಟ್ ಬಲಮಗ್ಗುಲಿಗೆ ಮಲಗಿತು. ಅವಳು ಜಿಗಿದು ಪಾರಾದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಗೇರಿಗೆ ಹಾಕಿದಳು. ಮೇಲ್ಮುಖವಾಗಿದ್ದ ಸೈಡ್ ಸ್ಟ್ಯಾಂಡನ್ನು ಹೊರಗೆಳೆದಳು. "ಅತ್ತಾಗ ಸರಿ ಅಪ್ಪಾ, ನಾನು ಎತ್ತತೀನಿ."

ಎದುರಿನ ಹೊಲಿಗೆ ಅಂಗಡಿಯ ಇಸಾಕಸಾಬ ಬಾಗಿಲಿಗೆ ಬಂದು ನಕ್ಕ. "ಏನ್ರಿ ಸಾವ್ಕಾರ್ರ, ಮಗಳ ಕೈಲೆ ಎತ್ತಸ್ತೀರಿ? ಅಂಗಡ್ಯಾಗ ಕುಂತು ಕುಂತು ಶಕ್ತಿ ಹೋತೇನು?"

ಬೆನಕಪ್ಪನಿಗೆ ಅಷ್ಟೇ ಸಾಕಾಯಿತು. "ಬಿದ್ದ ಗಾಡಿಗೆ ಎಂಥಾ ಸ್ಟ್ಯಾಂಡು!" ಎಂದು ಅದನ್ನು ಕಾಲಿನಿಂದ ಮಡಚಿ, ಆಚೆ ಬದಿಗೆ ಹೋಗಿ, ಹ್ಯಾಂಡಲ್ ಹಿಡಿದು ಒಮ್ಮೆಲೇ ಜಗ್ಗಿದ. ಗಾಡಿ ಎದ್ದಿತು, ಆದರೆ ನಿಲ್ಲಲಿಲ್ಲ. ಅರ್ಚನಾ ನಿಂತಿದ್ದ ಎಡಗಡೆಗೆ ಹೊರಳಿ ಅವಳ ಪಾದದ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಗಾಡಿ ಬಿದ್ದಾಗ ಮನೆಯೊಳಗಿದ್ದು ಏನೂ ಕಾಣದಿದ್ದ ತಾಯಿ ಶಿವಬಸಮ್ಮ, "ಗಾಡಿ ಕೆಡವಿಕೊಂಡಾಳ್ರಿ" ಅಂದಳು. ಅರ್ಚನಾ ಅಪ್ಪನ ಕಡೆ ನೋಡಿದಳು. ಬೆನಕಪ್ಪ ಗೋಡೆಯ ಮೇಲಿದ್ದ ಲಸಿಕೆಯ ಚಿತ್ರ ನೋಡಿದ. ಊರಿಗೆ ಅದೇ ಸುದ್ದಿಯಾಯಿತು. ಇಸಾಕಸಾಬನೂ, ತನ್ನ ನಗುವಿಗೆ ತಾನೇ ನಾಚಿಯೋ ಏನೋ, ಬಾಯಿ ಬಿಡಲಿಲ್ಲ.

ಈಗ ಶಿವಬಸಮ್ಮ ಬಂದವರ ಮುಂದೆಯೇ ತೀರ್ಮಾನ ಹೇಳಿಬಿಟ್ಟಳು. "ಕಾಲು ನೆಟ್ಟಗಾದ ಮ್ಯಾಲೂ ಅಕಿ ಗಾಡಿ ಮುಟ್ಟಂಗಿಲ್ಲ. ಕೆಲ್ಸ ಹೋದ್ರ ಹೋಗ್ಲಿ. ಏನಂತೀರಿ?"

"ಹೆಂಗ ಬಿತ್ತಂತ ಅಪ್ಪನ್ನ ಕೇಳವ್ವಾ. ಅವ ಅಲ್ಲೇ ಇದ್ದ" ಎಂದಳು ಅರ್ಚನಾ.

ಬೆನಕಪ್ಪ ಚಹಾದ ಲೋಟ ಕೆಳಗಿಟ್ಟ. ಎದ್ದು ಹೊರಗೆ ಹೋದ. ಬುಲೆಟ್ಟನ್ನು ಅದೇ ಹಾಸುಗಲ್ಲಿಗೆ ತಂದು ಬಲಕ್ಕೆ ವಾಲಿಸಿದ. ಕೊನೆಯಲ್ಲಿ ತೋಳು ಸೋತು ಗಾಡಿ ಧಡ್ ಎಂದು ಬಿತ್ತು.

ಇಸಾಕಸಾಬ ಓಡಿಬಂದ. "ಮತ್ತ ಬಿತ್ತೇನ್ರಿ?"

"ಬಿದ್ದಿಲ್ಲ, ನಾನ ಕೆಡವೀನಿ. ಅವತ್ತು ಅಕಿ ಕಾಲಿನ ಮ್ಯಾಲೆ ಕೆಡವಿದಾವನೂ ನಾನ. ನಿನಗ ಗೊತ್ತೈತಲ್ಲ."

ಶಿವಬಸಮ್ಮ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಳು. ಅರ್ಚನಾ ಗೋಡೆ ಹಿಡಿದು ಕುಂಟುತ್ತ ಬಂದು ಕಟ್ಟೆಯ ಮೇಲೆ ಕುಳಿತಳು. ಬಿದ್ದ ಗಾಡಿಯ ಕಡೆ ಕೈ ಮಾಡಿದಳು.

"ಕೀಲಿ?"

"ಬಂದ್ ಐತಿ."

"ಗೇರಿಗೆ ಹಾಕು. ಸ್ಟ್ಯಾಂಡು ತಗಿ."

ಬೆನಕಪ್ಪ ಬಗ್ಗಿ ಸ್ಟ್ಯಾಂಡನ್ನು ಕೈಯಿಂದ ಎಳೆದ.

"ಈಗ ಆ ಕಡಿ ಹೋಗು. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಾಗ ಕುಂದ್ರು. ಒಂದು ಕೈ ಹ್ಯಾಂಡಲ್ಲಿಗೆ, ಒಂದು ಹಿಂದಿನ ಕಂಬಿಗೆ. ನಡ ಬಗ್ಗಿಸಬ್ಯಾಡ, ಕಾಲಿಲೆ ದಬ್ಬು."

ಗಾಡಿಗೆ ಬೆನ್ನು ಕೊಟ್ಟರೆ ಮುಖ ಬೀದಿಗೆ. ಇಸಾಕಸಾಬ, ಚಹಾ ಕುಡಿದು ಹೊರಬಂದವರು, ದಾರಿಯಲ್ಲಿ ನಿಂತವರು, ಎಲ್ಲರೂ ಎದುರಿಗೇ ಇದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು. ಬೆನಕಪ್ಪ ಕಣ್ಣು ತಗ್ಗಿಸಿ, ಕಾಲು ಊರಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದೆ ಸರಿದ. ಗಾಡಿ ನಿಧಾನಕ್ಕೆ ಎದ್ದು ಅತ್ತ ವಾಲಿತು. ಸ್ಟ್ಯಾಂಡ್ ಕಲ್ಲಿಗೆ ತಾಗಿ ಟಕ್ ಎಂದಿತು. ಗಾಡಿ ಅಲ್ಲೇ ನಿಂತಿತು.

ಇಷ್ಟೇ ಆಗಬೇಕಿತ್ತು ಅವತ್ತೂ.

"ಕೀಲಿ ಕೊಡು" ಎಂದು ಅರ್ಚನಾ ಕೈ ಚಾಚಿದಳು.

ಬೆನಕಪ್ಪ ಹೆಂಡತಿಯ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಾಗಲಿಲ್ಲ. ಆ ಕೈಯೊಂದನ್ನೇ ನೋಡುತ್ತ ಅದರಲ್ಲಿ ಕೀಲಿ ಇಟ್ಟ.