ಕಾಯಿ ಮುಗಿದ ಮೇಲೆ ಬರ್ತೀನಿ

ಯಾರು ಏನು ಕೇಳಿದರೂ ಗಂಗುಲಪ್ಪನ ಉತ್ತರ ಒಂದೇ, ‘ಹೂಂ’. ಊಟ ಆಯ್ತಾ ಅಂದರೆ ಹೂಂ. ಹಸಿವಾಗಿದೆಯಾ ಅಂದರೂ ಹೂಂ. ಮೂವತ್ತೊಂದು ವರ್ಷದ ಗಂಡಸು, ದಪ್ಪ ಮೀಸೆ. ಬುದ್ಧಿ ಮಾತ್ರ ಚಿಕ್ಕಂದಿನಿಂದಲೂ ನಿಧಾನ. ಅಕ್ಕನ ಮನೆಯಲ್ಲಿದ್ದ. ದಿನಾ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅಕ್ಕ ಹತ್ತಿಸುವಳು, ಶ್ರೀನಿವಾಸಪುರದಲ್ಲಿ ನಾನು ಇಳಿಸಿಕೊಳ್ಳುವೆ.

ಮುಳಬಾಗಿಲು ರಸ್ತೆಯಲ್ಲಿ ನಮ್ಮ ಕೇಂದ್ರ. ಗಂಗುಲಪ್ಪನಂಥ ದೊಡ್ಡವರು ಬಂದು ಕೆಲಸ ಕಲಿಯುವ ಜಾಗ. ಕೆಲಸ ಅಂದರೆ ಮೆಡಿಕಲ್ ಶಾಪಿಗೆ ಕಾಗದದ ಕವರ್ ಅಂಟಿಸುವುದು. ನಾನು ಅಲ್ಲಿ ಆಯಾ. ಅಡುಗೆ ನನ್ನದು, ಹಾಜರಿ ನನ್ನದು, ಜಗಳ ಬಿಡಿಸುವುದೂ ನನ್ನದು. ಕೇಂದ್ರದ ಕಾರ್ಯದರ್ಶಿ ರಾಮಚಂದ್ರ ಸಾರ್. ಮುಳಬಾಗಿಲಿನ ಹಳೆಯ ಮನೆತನದವರು, ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದವರು. ಕೇಂದ್ರದ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವರಲ್ಲ.

ನಮ್ಮ ಅನುದಾನಕ್ಕೆ ಒಂದು ಕರಾರಿತ್ತು. ಪಟ್ಟಿಯಲ್ಲಿ ಇಪ್ಪತ್ತೈದು ಜನ ಇರಲೇಬೇಕು. ಒಂದು ತಿಂಗಳು ಬಾರದವರ ಹೆಸರು ಹೊಡೆಯಬೇಕು. ಜೂನ್ ಕೊನೆಗೆ ಕೋಲಾರದಿಂದ ಸಾಹೇಬರು ಬಂದು ತಲೆ ಎಣಿಸುವರು. ಇಪ್ಪತ್ನಾಲ್ಕು ಸಿಕ್ಕರೆ ಆ ವರ್ಷದ ಅನುದಾನ ನಿಂತಂತೆ. 2001ರಲ್ಲಿ ನಮ್ಮಲ್ಲಿದ್ದವರು ಸರಿಯಾಗಿ ಇಪ್ಪತ್ತೈದು.

ಆ ವರ್ಷ ಮೇ ಮೂರನೇ ವಾರ ಒಂದು ಸೋಮವಾರ ಬಸ್ಸು ಬಂತು, ಗಂಗುಲಪ್ಪ ಬರಲಿಲ್ಲ. ಕಂಡಕ್ಟರನ್ನು ಕೇಳಿದೆ. ‘‘ಮಂಡಿ ಹತ್ರ ಇಳ್ಕೊಂಡ ಕಣಮ್ಮ. ನಾನೇ ನಿಲ್ಸಿದೆ. ನೀವೇ ಹೇಳಿರ್ತೀರ ಅನ್ಕೊಂಡೆ’’ ಅಂದ.

ಓಡಿದೆ. ಮಾವಿನ ಸುಗ್ಗಿಯಲ್ಲಿ ನಮ್ಮೂರ ಮಂಡಿ ಅಂದರೆ ಕೇಳಬೇಕೆ, ಟ್ರ್ಯಾಕ್ಟರು, ಲಾರಿ, ಕೂಗಾಟ, ಕಾಲಿಗೆ ಸಿಗುವ ಕೊಳೆತ ಹಣ್ಣು. ಮುನಿರಾಮಪ್ಪನ ಮಂಡಿಯ ಒಳಗೆ ಗಂಗುಲಪ್ಪ ಕುಕ್ಕರಗಾಲಲ್ಲಿ ಕೂತು ಮರದ ಪೆಟ್ಟಿಗೆಗೆ ಒಣಹುಲ್ಲು ಹಾಸುತ್ತಿದ್ದ. ಹಾಸುವುದು, ಅಂಗೈಯಿಂದ ಒತ್ತುವುದು, ಬಗ್ಗಿ ನೋಡುವುದು, ಮತ್ತೆ ಹಾಸುವುದು. ನಮ್ಮಲ್ಲಿ ಕವರ್ ಅಂಟಿಸುವಾಗ ಕಿಟಕಿ ನೋಡಿಕೊಂಡೇ ಕೂರುವವನು ಇವನೇನಾ ಅನ್ನಿಸಿತು.

‘‘ಯಾರು ಬರ ಹೇಳಿದ್ದು ಇವನ್ನ?’’ ಅಂತ ಮುನಿರಾಮಪ್ಪನನ್ನು ದಬಾಯಿಸಿದೆ.

‘‘ನಾನ್ ಕರೀಲಿಲ್ಲ ಶಾಮಲಕ್ಕ. ಹೋದ ವಾರ ಅವರ ಭಾವನ ಜೊತೆ ಮಾವಿನಕಾಯಿ ಹಾಕೋಕೆ ಬಂದಿದ್ದ. ಇವತ್ತು ತಾನೇ ಬಂದು ಕೂತವ್ನೆ. ಬೇರೆಯವ್ರು ಹತ್ತು ಪೆಟ್ಟಿಗೆ ಹಾಸೋ ಹೊತ್ಗೆ ಇವನು ನಾಲ್ಕು ಹಾಸ್ತಾನೆ.’’

‘‘ಮತ್ತೆ ಯಾಕೆ ಇಟ್ಕೊಂಡಿದೀಯ?’’

‘‘ನಾಲ್ಕಕ್ಕೆ ನಾಲ್ಕರ ಕೂಲಿ. ನಂಗೇನ್ ನಷ್ಟ?’’

ಮಧ್ಯಾಹ್ನ ಊಟದ ಡಬ್ಬಿಯನ್ನು ಅಲ್ಲಿಗೇ ಒಯ್ದೆ. ಮರುದಿನವೂ ಅವನು ಅಲ್ಲೇ ಇಳಿದ. ಮೂರನೆಯ ದಿನ ಅವನ ಅಕ್ಕನಿಗೆ ಹೇಳಿ ಕಳಿಸಿದೆ. ‘‘ಅವನಿಗೇನು ಗೊತ್ತಾಗತ್ತೆ, ನೀವು ಹೇಗೆ ಹೇಳಿದ್ರೆ ಹಾಗೆ’’ ಅಂತ ಉತ್ತರ ಬಂತು.

ನಾಲ್ಕನೆಯ ದಿನ ರಾಮಚಂದ್ರ ಸಾರ್ ತಾವೇ ಮಂಡಿಗೆ ಬಂದರು. ಬಿಳಿ ಪಂಚೆಯನ್ನು ಎತ್ತಿ ಹಿಡಿದು ಹಣ್ಣಿನ ರಾಡಿ ದಾಟುತ್ತಾ ಬಂದವರು ಗಂಗುಲಪ್ಪನ ಹೆಗಲ ಮೇಲೆ ಕೈ ಇಟ್ಟರು.

‘‘ಬಾಪ್ಪ ಗಂಗುಲ, ಕೇಂದ್ರಕ್ಕೆ ಹೋಗೋಣ. ಬರ್ತೀಯ ತಾನೆ?’’

‘‘ಹೂಂ.’’

‘‘ನೋಡಿದ್ರಾ?’’ ಅಂತ ಸಾರ್ ನಮ್ಮ ಕಡೆ ತಿರುಗಿದರು.

ಮುನಿರಾಮಪ್ಪ ನಕ್ಕ. ‘‘ಏನ್ಲಾ ಗಂಗುಲ, ಇಲ್ಲೇ ಇದ್ದು ಹುಲ್ಲು ಹಾಸ್ತೀಯಾ?’’

‘‘ಹೂಂ.’’

‘‘ನೀವೂ ನೋಡಿದ್ರಾ ಸ್ವಾಮಿ?’’

ಸಾರ್ ಪೆಟ್ಟಿಗೆಯೊಂದರ ಮೇಲೆ ಕೂತರು. ಸಿಟ್ಟಿರಲಿಲ್ಲ, ದಣಿವಿತ್ತು. ‘‘ನನಗೇನು ಇವನ ಮೇಲೆ ಹಠವೇ? ಜೂನ್ ಕೊನೆಗೆ ಇವನು ಪಟ್ಟಿಯಲ್ಲಿ ಇಲ್ಲದಿದ್ರೆ ಉಳಿದ ಇಪ್ಪತ್ನಾಲ್ಕು ಜನಾನೂ ಮನೇಲಿ ಕೂರಬೇಕಾಗತ್ತೆ. ಅಲ್ಲೀವರೆಗೆ ಬರಲಿ. ಜುಲೈಯಿಂದ ಎಲ್ಲಿಗಾದ್ರೂ ಹೋಗಲಿ.’’

‘‘ಜುಲೈ ಹೊತ್ಗೆ ಮುಕ್ಕಾಲು ಸುಗ್ಗಿ ಮುಗಿದಿರತ್ತೆ ಸ್ವಾಮಿ. ಉಳಿಯೋದು ನೊಣ’’ ಅಂದ ಮುನಿರಾಮಪ್ಪ.

‘‘ಹಾಜರಿ ಹಾಕ್ಬಿಡೋಣ ಸಾರ್. ಇಲ್ಲಿದ್ರೇನು, ಅಲ್ಲಿದ್ರೇನು. ಸಾಹೇಬ್ರು ಬರೋ ದಿನ ಕರ್ಕೊಂಡು ಹೋದ್ರಾಯ್ತು’’ ಅಂತ ನಾನೂ ಬಾಯಿ ಹಾಕಿದೆ. ಲೋಕ ನಡೆಯುವುದೇ ಹಾಗೆ ಅಲ್ಲವೇ.

ಸಾರ್ ನನ್ನ ಮುಖ ನೋಡಿದರು, ಅಷ್ಟೇ.

ಪಕ್ಕದಲ್ಲಿ ವ್ಯಾಪಾರವೊಂದು ನಡೆಯುತ್ತಿತ್ತು. ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರು ಕೈ ಕೊಟ್ಟುಕೊಂಡು ಮೇಲೆ ಟವಲ್ ಹಾಕುವರು. ಒಳಗೆ ಬೆರಳು ಹಿಡಿದು ಕೇಳುವುದು, ಬೆರಳು ಹಿಡಿದೇ ಹೇಳುವುದು. ಟವಲ್ ಇರುವಷ್ಟು ಹೊತ್ತು ಸುತ್ತ ನಿಂತವರು ಯಾರೂ ಬಾಯಿ ಬಿಡುವಂತಿಲ್ಲ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಈ ಗಂಗುಲಪ್ಪ ಎದುರಿನವರ ಮುಖ ನೋಡಿ ಹೂಂ ಅನ್ನುತ್ತಾನೆ. ಮುಖದಲ್ಲಿ ಏನು ಬೇಕೆಂದು ಬರೆದಿರುತ್ತದೋ ಅದನ್ನೇ ಕೊಡುತ್ತಾನೆ. ಬೆರಳಿಗೆ ಮುಖವಿಲ್ಲವಲ್ಲ.

‘‘ಮುನಿರಾಮಪ್ಪ, ಆ ಟವಲ್ ಕೊಡಪ್ಪ ಇಲ್ಲಿ’’ ಅಂದೆ.

ಸಾರ್ ಗಾಬರಿಯಾದರು. ‘‘ಏನಿದು ಶಾಮಲಮ್ಮ? ಮನುಷ್ಯನ್ನ ಟವಲ್ ಕೆಳಗೆ ಮಾರ್ತೀರೇನು?’’

‘‘ಮಾರೋದಲ್ಲ ಸಾರ್. ಕೇಳೋದು.’’

ಗಂಗುಲಪ್ಪನ ಎದುರು ಕೂತು ಅವನ ಕೈಯನ್ನು ನನ್ನ ಕೈಗೆ ತಗೊಂಡೆ. ಟವಲ್ ಮುಚ್ಚಿದೆ. ಆಟ ಅವನಿಗೆ ತಿಳಿಯುತ್ತದೋ ಇಲ್ಲವೋ ನೋಡಬೇಕಿತ್ತು. ಅವನಿಗೆ ಟೀ ಅಂದರೆ ಪ್ರಾಣ, ಕಾಫಿ ಅಂದರೆ ವಾಂತಿ. ಕೊಟ್ಟರೆ ಮಾತ್ರ ಹೂಂ ಅಂತ ಕುಡಿಯುತ್ತಾನೆ.

‘‘ಒಂದು ಬೆರಳು ಕಾಫಿ. ಎರಡು ಬೆರಳು ಟೀ. ಯಾವ್ದು ಬೇಕೋ ಅದನ್ನ ಹಿಡ್ಕೊ.’’

ಅವನು ಟವಲನ್ನೇ ನೋಡಿದ. ಮೆಲ್ಲಗೆ ನನ್ನ ಎರಡು ಬೆರಳು ಹಿಡಿದ. ಅದಲು ಬದಲು ಮಾಡಿ ಕೇಳಿದೆ, ಒಂದು ಬೆರಳು ಟೀ ಅಂದೆ. ಒಂದೇ ಬೆರಳು ಹಿಡಿದ.

‘‘ಸರಿ. ಈಗ ಒಂದು ಬೆರಳು ಕೇಂದ್ರ. ಎರಡು ಬೆರಳು ಮಂಡಿ.’’

ಟವಲ್ ಅಲುಗಲಿಲ್ಲ. ಸಾರ್ ಏನೋ ಹೇಳಲು ಹೊರಟರು. ಮುನಿರಾಮಪ್ಪ ತುಟಿಯ ಮೇಲೆ ಬೆರಳಿಟ್ಟ. ಗಂಗುಲಪ್ಪ ನನ್ನ ಎರಡು ಬೆರಳನ್ನು ಹಿಡಿದ. ಬಿಡಲಿಲ್ಲ. ಆಮೇಲೆ ತಲೆ ಎತ್ತಿ ರಾಮಚಂದ್ರ ಸಾರನ್ನೇ ನೋಡಿ ಅಂದ:

‘‘ಕಾಯಿ ಮುಗಿದ್ಮೇಲೆ ಬರ್ತೀನಿ.’’

ಅವನು ಕೇಂದ್ರಕ್ಕೆ ಬಂದ ನಾಲ್ಕು ವರ್ಷದಲ್ಲಿ ಅವನ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ.

‘‘ಬೇರಂ ಕುದಿರಿಂದಿ!’’ ಅಂತ ಮುನಿರಾಮಪ್ಪ ತೊಡೆ ತಟ್ಟಿದ. ವ್ಯಾಪಾರ ಕುದುರಿದರೆ ಅವನ ಬಾಯಲ್ಲಿ ತೆಲುಗೇ ಬರುವುದು.

ಸಾರ್ ಎದ್ದರು. ‘‘ಕೇಳಿದ ಮೇಲೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಸುಳ್ಳು ಹಾಜರಿಯೂ ಹಾಕಲ್ಲ. ತಿಂಗಳಾದ್ಮೇಲೆ ಹೆಸರು ಹೊಡೀತೀನಿ. ಇಪ್ಪತ್ನಾಲ್ಕು, ಶಾಮಲಮ್ಮ. ಏನು ಮಾಡ್ತೀರೋ ನೋಡಿ.’’

ಮನೆಗೆ ನಡೆಯುವಾಗ ನನಗೆ ನಾಚಿಕೆಯಾಯಿತು. ಇಪ್ಪತ್ತೈದನೆಯವಳು ಎಲ್ಲಿದ್ದಾಳೆಂದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ನಂಗಲಿಯಲ್ಲಿ ಹೆದ್ದಾರಿಯ ಪಕ್ಕ ಗಂಗರತ್ನಮ್ಮ ಅನ್ನುವವಳ ಟೀ ಅಂಗಡಿ. ಅವಳ ಮಗಳು ಶ್ವೇತ, ಇಪ್ಪತ್ತಾರು ವರ್ಷ, ಗಂಗುಲಪ್ಪನಂತೆಯೇ ಬುದ್ಧಿ ನಿಧಾನ, ಇಡೀ ದಿನ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ. ಲಾರಿಯವರ ಕಣ್ಣಿಗೆ ಬೀಳಬಾರದೆಂದು ತಾಯಿಯ ಭಯ. ನಮ್ಮೂರಿಂದ ಎರಡು ಬಸ್ಸು ಹತ್ತಿ ಇಳಿಯಬೇಕೆಂದು ನಾನು ಹೋಗಿರಲಿಲ್ಲ. ಇರುವವನನ್ನು ಕಟ್ಟಿಹಾಕುವುದು ಸುಲಭ, ಇಲ್ಲದವರನ್ನು ಹುಡುಕಿಕೊಂಡು ಹೋಗುವುದು ಕಷ್ಟ.

ಭಾನುವಾರ ಹೋದೆ. ಗಂಗರತ್ನಮ್ಮ ಲೋಟ ತೊಳೆಯುತ್ತಲೇ ಅಂದಳು: ‘‘ಕರ್ಕೊಂಡೋಗಿ ಅಕ್ಕ. ಅವಳ್ನ ಏನ್ ಕೇಳೋದು?’’

‘‘ಕೇಳ್ತೀನಿ, ಇರು.’’

ಶ್ವೇತ ಗೋಡೆಗೊರಗಿ ಕೂತಿದ್ದಳು. ಅವಳ ಕೈ ತಗೊಂಡು ಸೆರಗು ಮುಚ್ಚಿ, ಟೀ ಕಾಫಿಯಿಂದ ಶುರು ಮಾಡಿದೆ. ಆಮೇಲೆ ಕೇಳಿದೆ: ಒಂದು ಬೆರಳು ನನ್ನ ಜೊತೆ ಬರೋದು, ಎರಡು ಇಲ್ಲೇ ಇರೋದು. ಎರಡು ಬೆರಳು ಹಿಡಿದಳು. ಗಂಗುಲಪ್ಪನ ಉತ್ತರಕ್ಕೆ ಬೆಲೆ ಕೊಟ್ಟು ಇವಳದಕ್ಕೆ ಕೊಡದಿದ್ದರೆ ಹೇಗೆ? ಟೀ ಕುಡಿದು ಬಂದೆ.

ಬಸ್ಸಿನಲ್ಲಿ ಕೂತು ಯೋಚಿಸಿದರೆ ನನ್ನ ತಪ್ಪು ಕಂಡಿತು. ಕಾಯಿ ನೋಡದೆ ಯಾರು ಬೆಲೆ ಹೇಳುತ್ತಾರೆ? ಗಂಗುಲಪ್ಪ ಮಂಡಿ ನೋಡಿದ್ದ, ಕೇಂದ್ರವನ್ನೂ ನೋಡಿದ್ದ. ಶ್ವೇತ ನೋಡಿದ್ದು ಆ ಕೋಣೆ ಒಂದನ್ನೇ. ಮುಂದಿನ ವಾರ ಮತ್ತೆ ಹೋಗಿ, ತಾಯಿ ಮಗಳು ಇಬ್ಬರನ್ನೂ ಒಂದು ದಿನದ ಮಟ್ಟಿಗೆ ಬಂದು ನೋಡಿ ಅಂದೆ. ಗಂಗರತ್ನಮ್ಮ ಅಂಗಡಿ ಮುಚ್ಚಿ ಬಂದಳು. ಶ್ವೇತ ಬೆಳಗೆಲ್ಲ ತಾಯಿಯ ಸೆರಗು ಬಿಡಲಿಲ್ಲ. ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಿದ್ದಾಗ ಬಂದು ಪಕ್ಕ ಕೂತಳು, ತಾನೂ ಬಿಡಿಸತೊಡಗಿದಳು. ಸಂಜೆ ಸೆರಗು ಮುಚ್ಚಿ ಕೇಳಿದರೆ ಒಂದೇ ಬೆರಳು ಹಿಡಿದಳು. ಕೂಡಲೇ ಇನ್ನೊಂದು ಕೈಯಿಂದ ಸೊಪ್ಪಿನ ಮೊರ ತೋರಿಸಿದಳು. ಕವರ್ ಅಂಟಿಸಲ್ಲ, ಅಡುಗೆಮನೆಗೆ ಮಾತ್ರ ಅಂತ ಅದರರ್ಥ. ಒಪ್ಪಿದೆ. ಆ ವಾರದಲ್ಲೇ ಅವಳ ಹೆಸರು ಪಟ್ಟಿ ಸೇರಿತು.

ಸಾಹೇಬರು ಜೂನ್ ಕೊನೆಯ ಬುಧವಾರ ಬಂದರು, ಎಣಿಸಿದರು. ಇಪ್ಪತ್ತೈದು. ಹೊಡೆದ ಹೆಸರಿನ ಮೇಲೆ ಬೆರಳಿಟ್ಟು ‘‘ಇವನು ಯಾಕೆ ಬಿಟ್ಟ?’’ ಅಂದರು. ‘‘ಮಂಡಿಯಲ್ಲಿ ಕೆಲಸ ಸಿಕ್ಕಿದೆ, ಸುಗ್ಗಿ ಮುಗಿಯೋವರೆಗೆ’’ ಅಂದರು ಸಾರ್. ಸಾಹೇಬರು ತಲೆಯಾಡಿಸಿ ರುಜು ಹಾಕಿದರು.

ಆಗಸ್ಟ್ ಮೊದಲ ಸೋಮವಾರ ಒಂಬತ್ತರ ಬಸ್ಸಿನಿಂದ ಗಂಗುಲಪ್ಪ ಇಳಿದ. ಹೊಸ ಅಂಗಿ ಹಾಕಿದ್ದ. ‘‘ಕಾಯಿ ಮುಗೀತು’’ ಅಂದ.

ಮತ್ತೆ ಸೇರಿಸಿಕೊಳ್ಳಲು ಹೊಸ ಅರ್ಜಿ. ಪೋಷಕರ ಒಪ್ಪಿಗೆ ಅನ್ನುವ ಕಡೆ ಅವನ ಅಕ್ಕ ಆಗಲೇ ಹೆಬ್ಬೆಟ್ಟು ಒತ್ತಿ ಕಳಿಸಿದ್ದಳು. ರಾಮಚಂದ್ರ ಸಾರ್ ಅರ್ಜಿಯನ್ನು ಪಕ್ಕಕ್ಕಿಟ್ಟು ತಮ್ಮ ಹೆಗಲ ಮೇಲಿನ ಟವಲ್ ತೆಗೆದರು. ಕುರ್ಚಿ ಎಳೆದುಕೊಂಡು ಗಂಗುಲಪ್ಪನ ಎದುರು ಕೂತು ಕೈ ಮುಂದೆ ಮಾಡಿದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಟವಲ್ ಸ್ವಲ್ಪ ಅಲುಗಿತು. ‘‘ಕೇಂದ್ರ’’ ಅಂತ ಸಾರ್ ನನಗೆ ಹೇಳಿದರು.

ಗಂಗುಲಪ್ಪ ಅವರ ಬೆರಳು ಬಿಟ್ಟಿರಲಿಲ್ಲ. ‘‘ಮತ್ತೆ ಕಾಯಿ ಬಂದಾಗ?’’

ಸಾರ್ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದಕ್ಕೆ ಕಾಲಮ್ಮೇ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಅಂಚಿನ ಖಾಲಿ ಜಾಗದಲ್ಲಿ ದುಂಡಗೆ ಬರೆದರು: ‘ಮಾವಿನ ಸುಗ್ಗಿಯಲ್ಲಿ ಮಂಡಿಗೆ ಹೋಗುತ್ತಾರೆ.’ ಬರೆದದ್ದನ್ನು ಅವನಿಗೆ ಓದಿ ಹೇಳಿದರು. ಗಂಗುಲಪ್ಪ ಬೆರಳು ಬಿಟ್ಟು, ಕವರ್ ಅಂಟಿಸಲು ಹೋಗಿ ಕಿಟಕಿಯ ಪಕ್ಕ ಕೂತ.