ಬಣ್ಣ ಕಮ್ಮಿ

ಶ್ರೀಲತಾಳಿಗೆ ತನ್ನ ಬಗ್ಗೆ ಒಂದು ಹೆಮ್ಮೆಯಿತ್ತು. ತಾನು ಜನರ ಮೈಬಣ್ಣ ನೋಡುವವಳೇ ಅಲ್ಲ ಅಂತ. ನೋಡುವ ಅಗತ್ಯ ಅವಳಿಗೆ ಬಿದ್ದರೆ ತಾನೇ! ಹುಟ್ಟುವಾಗಲೇ ಸಿಪ್ಪೆ ಸುಲಿದ ಬಾದಾಮಿಯ ಹಾಗೆ ಹುಟ್ಟಿದವಳು. ಟಿವಿಯಲ್ಲಿ ಫುಟ್‌ಬಾಲ್ ಆಡುವ ಆಫ್ರಿಕಾದವರನ್ನು ಕಂಡು ದೊಡ್ಡ ಮಗಳು ವಿಜೇತಾ ಕಿಸಕ್ಕನೆ ನಕ್ಕದ್ದಕ್ಕೆ, ಅವಳನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಪಾಠ ಹೇಳಿದ್ದಳು. ಕರಿಯರು ಬಿಳಿಯರು ಎಲ್ಲ ಒಂದೇ, ಬಣ್ಣ ನೋಡಿ ಮನುಷ್ಯರನ್ನು ಅಳೆಯುವ ದೇಶಗಳು ಉದ್ಧಾರ ಆಗುವುದಿಲ್ಲ, ಇತ್ಯಾದಿ. ಪಾಠ ಚೆನ್ನಾಗಿಯೇ ಇತ್ತು. ಅದು ಕೋಡಿಯ ತನ್ನ ತವರುಮನೆಯ ತನಕ ಬರುತ್ತದೆ ಎಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಮರುವಾರವೇ ಬಂತು. ತಮ್ಮ ಯೋಗೀಶನ ಮದುವೆ ಮುಗಿದು, ನಾಳೆ ಕುಂಭಾಶಿಯ ಹಾಲ್‌ನಲ್ಲಿ ರಿಸೆಪ್ಷನ್. ತಾಯಿ ಸುಂದರಿ ಕೋಡಿಯ ಮನೆಯ ಜಗಲಿಯಲ್ಲಿ ಕೂತು ಎಲ್ಲರಿಗೂ ಕೆಲಸ ಹಂಚುತ್ತಿದ್ದಳು. ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸಲು ವಿಜೇತಾ ಎಂದಾಯಿತು. ಏಳು ವರ್ಷದ ಕಿರಿಯವಳು ಪ್ರಣೀತಾ ತಾನೂ ನಿಲ್ಲುತ್ತೇನೆ ಎಂದು ಕುಣಿದಳು.

"ನೀ ಒಳ್ಗೆ ಕೂಕೊ ಮಗಾ," ಎಂದು ಸುಂದರಿ ಪ್ರೀತಿಯಿಂದಲೇ ಅವಳ ತಲೆ ಸವರಿದಳು. ಆಮೇಲೆ ಶ್ರೀಲತಾಳ ಕಡೆ ತಿರುಗಿ, "ಇದ್ಕೆ ಬಣ್ಣ ಸ್ವಲ್ಪ ಕಮ್ಮಿ ಅಲ್ದಾ? ಫೋಟೋದಗೆ ಕಾಣ್ತಿಲ್ಲ," ಅಂದಳು.

ಶ್ರೀಲತಾ ಹೂಂ ಅಂದಳು. ಹೂವಿನವನ ಫೋನು ಕಿವಿಯಲ್ಲಿತ್ತು. ಆ ಹೂಂ ತಾಯಿಗೋ ಹೂವಿನವನಿಗೋ ದೇವರೇ ಬಲ್ಲ. ಪ್ರಣೀತಾಳಿಗಂತೂ ಅದು ಸರಿಯಾಗಿಯೇ ಕೇಳಿಸಿತು.

ನಮ್ಮ ಕಡೆ ಹೀಗೇ. 'ಬಣ್ಣ ಬಂದಿದೆ' ಅಂದರೆ ಬೆಳ್ಳಗಾಗಿದ್ದಾಳೆ, 'ಬಣ್ಣ ಕಮ್ಮಿ' ಅಂದರೆ ಕಪ್ಪು. ಲೋಕದಲ್ಲಿರುವ ಅಷ್ಟೂ ಬಣ್ಣಗಳನ್ನು ಬಿಟ್ಟು ಬಿಳಿಯೊಂದಕ್ಕೇ ಆ ಹೆಸರನ್ನು ಬರೆದುಕೊಟ್ಟ ಪುಣ್ಯಾತ್ಮ ಯಾರೋ ಏನೋ. ಹೇಳಿದ ಸುಂದರಿಯಾದರೂ ಬೆಳ್ಳಗಿದ್ದಳೇ? ಅಜ್ಜಿ ಮೊಮ್ಮಗಳು ಪಕ್ಕಪಕ್ಕ ನಿಂತರೆ ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ.

ಏಳು ವರ್ಷದ ಮಗುವಿಗೆ ಈ ಡೊಂಕೆಲ್ಲ ಹೇಗೆ ಗೊತ್ತಾಗಬೇಕು? ಸಾರಿಗೆ ಉಪ್ಪು ಕಮ್ಮಿಯಾದರೆ ಹಾಕುತ್ತಾರೆ, ಬಣ್ಣ ಕಮ್ಮಿಯಾದರೆ ಬಣ್ಣ ಹಾಕಿದರಾಯಿತು. ಅಪ್ಪ ಜಿತೇಂದ್ರನ ಕಸುಬೇ ದೋಣಿಗಳಿಗೆ ಬಣ್ಣ ಬಳಿಯುವುದು. ಅವನ ಶೆಡ್ಡು ಅಮ್ಮಮ್ಮನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ಸಂಜೆ ಚಹಾದ ಹೊತ್ತಿಗೆ ಜಿತೇಂದ್ರ ಮಗಳನ್ನು ತನ್ನ ಅಂಗಿಗೆ ತಾಗದ ಹಾಗೆ ಮುಂದಕ್ಕೆ ಚಾಚಿ ಹಿಡಿದುಕೊಂಡು ಬಂದ. ಎರಡೂ ಕೆನ್ನೆ, ಒಂದು ಕಿವಿ, ಮೊಣಕೈ ತನಕ ಎಡಗೈ, ಎಲ್ಲ ಗಿಳಿಹಸಿರು. ಅದೂ ದೋಣಿಗೆ ಹೊಡೆಯುವ ಎಣ್ಣೆ ಬಣ್ಣ, ಸಮುದ್ರದ ಉಪ್ಪುನೀರಿಗೂ ಜಗ್ಗುವಂಥದ್ದಲ್ಲ. ಶ್ರೀಲತಾ ಹೌಹಾರಿ ಓಡಿದಳು.

"ಮುಟ್ಬೇಡಿ, ಒಣ್ಗುಕೆ ಬಿಡಿ," ಅಂದಳು ಪ್ರಣೀತಾ, ಮೇಸ್ತ್ರಿಯ ಗತ್ತಿನಲ್ಲಿ. "ಇನ್ನ್ ಎರಡ್ನೇ ಕೋಟ್ ಹೊಡುಕಿತ್ತ್."

ಬಚ್ಚಲಲ್ಲಿ ಕೂರಿಸಿ ತೆಂಗಿನೆಣ್ಣೆ ಹಾಕಿ ತಿಕ್ಕುವ ಕೆಲಸ ಶುರುವಾಯಿತು. ಯಾಕೆ ಹೀಗೆ ಮಾಡಿಕೊಂಡೆ ಎಂದು ಕೇಳಿದರೆ, ಬಣ್ಣ ಕಮ್ಮಿ ಇತ್ತಲ್ಲ ಎಂಬ ಉತ್ತರ. ಶ್ರೀಲತಾ ವಿವರಿಸಲು ಹೊರಟಳು. ಬಣ್ಣ ಕಮ್ಮಿ ಅಂದರೆ ಬಣ್ಣ ಕಮ್ಮಿ ಅಂತ ಅಲ್ಲ, ಬಿಳಿ ಕಮ್ಮಿ ಅಂತ. ಹೇಳುವಾಗಲೇ ಅವಳಿಗೆ ತಾನು ಎಲ್ಲೋ ಜಾರುತ್ತಿದ್ದೇನೆ ಅನ್ನಿಸಿತು.

"ಬಿಳಿ ಬಣ್ಣ ಅಲ್ಲ ಅಮ್ಮ, ಅದ್ ಪ್ರೈಮರ್," ಅಂದಳು ಪ್ರಣೀತಾ. "ಅಪ್ಪಯ್ಯ ಮೊದ್ಲ್ ಬಿಳಿ ಹೊಡೀತ್ರ್, ಕಡಿಗೆ ಬಣ್ಣ." ಬಾಗಿಲಲ್ಲಿ ನಿಂತಿದ್ದ ಬೆಳ್ಳನೆಯ ವಿಜೇತಾಳನ್ನು ಒಮ್ಮೆ ಕನಿಕರದಿಂದ ನೋಡಿದಳು. "ಅಕ್ಕಂಗೆ ಬರೀ ಪ್ರೈಮರ್ ಆಯಿತ್, ಪಾಪ."

ವಿಜೇತಾ ಗೊಳೋ ಎಂದು ಅತ್ತಳು. ಜಿತೇಂದ್ರ ಒಲೆಗೆ ಸೌದೆ ನೂಕುವ ನೆಪದಲ್ಲಿ ಹೊರಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಾಂಗಾರೆ ನಂಗೆ ಎಂತ ಕಮ್ಮಿ ಅಮ್ಮ?"

ಶ್ರೀಲತಾಳ ಕೈ ನಿಂತಿತು. ಆಫ್ರಿಕಾದವರ ಬಗ್ಗೆ ಹೇಳಿದ ಅರ್ಧ ಗಂಟೆಯ ಪಾಠ ತವರಿನ ಬಚ್ಚಲಲ್ಲಿ ಒಂದಿಷ್ಟೂ ಉಪಯೋಗಕ್ಕೆ ಬರಲಿಲ್ಲ. ನೆನಪಾದದ್ದು ಅಕ್ಕ ವನಜ. ವನಜ ಅಮ್ಮನ ಬಣ್ಣದವಳು. ಸಣ್ಣವರಿದ್ದಾಗ ಊರಿನ ಯಾವ ಮದುವೆಯಾದರೂ ಬಾಗಿಲಲ್ಲಿ ಪನ್ನೀರು ಹಿಡಿದು ನಿಲ್ಲುವುದು ಶ್ರೀಲತಾ, ಅಡುಗೆಯ ಬದಿಗೆ ತೆಂಗಿನಕಾಯಿ ತುರಿಯಲು ಹೋಗುವುದು ವನಜ. ದೊಡ್ಡವರಾದ ಮೇಲೆ ಇಬ್ಬರೂ ಕುಂದಾಪುರದ ಸೀರೆ ಅಂಗಡಿಗೆ ಒಟ್ಟಿಗೇ ಕೆಲಸ ಕೇಳಿಕೊಂಡು ಹೋದರು. ಶ್ರೀಲತಾ ಕೌಂಟರಿನಲ್ಲಿ ನಿಲ್ಲಲಿ, ವನಜ ಹಿಂದಿನ ಕೋಣೆಯಲ್ಲಿ ಸೀರೆಗೆ ಫಾಲ್ಸ್ ಹೊಲಿಯಲಿ ಎಂದರು. ಕೌಂಟರು ಸಿಕ್ಕಿದ್ದು ತನ್ನ ಮಾತಿನ ಚುರುಕಿಗೆ ಎಂದೇ ಶ್ರೀಲತಾ ಇಷ್ಟು ವರ್ಷ ನಂಬಿದ್ದಳು. ಎಂಥ ಚುರುಕು, ಮಣ್ಣು! ಮಾತಿನಲ್ಲಿ ವನಜಳ ಕಾಲ ಧೂಳಿಗೂ ಅವಳು ಸಮವಿರಲಿಲ್ಲ. ಒಂದು ಸೀರೆ ಕೇಳಲು ಬಂದವರಿಗೆ ಮೂರು ಕಟ್ಟಿಕೊಡುವ ಬಾಯಿ ಅದು, ಹಿಂದಿನ ಕೋಣೆಯ ಗೋಡೆಯ ಜೊತೆ ಹರಟುತ್ತ ಕೂತಿದೆ. ಶ್ರೀಲತಾಳಿಗೆ ನಾಚಿಕೆಯಾಯಿತು. ಕೈಯ ಎಣ್ಣೆ ನೋಡದೆ ಕಣ್ಣೊರೆಸಿಕೊಂಡು ಇನ್ನಷ್ಟು ಉರಿಸಿಕೊಂಡಳು. ಈ ಮಗು ನಾಳೆ ಒಳಗೆ ಕೂತರೆ ಮುಂದೆ ಯಾರೂ ಹೇಳಬೇಕಾಗಿಯೇ ಇಲ್ಲ, ಎಲ್ಲ ಕಡೆಯೂ ತಾನೇ ಹೋಗಿ ಒಳಗೆ ಕೂರುತ್ತದೆ.

"ನಿಂಗೆ ಎಂತದೂ ಕಮ್ಮಿ ಇಲ್ಲ ಮಗಾ," ಅಂದಳು. "ಅಮ್ಮಮ್ಮ ಹೇಳಿದ್ ತಪ್ಪ್. ಹೂಂ ಅಂದದ್ದ್ ನಂದೂ ತಪ್ಪ್. ನಾಳೆ ಬಾಗ್ಲಗೆ ನೀನೂ ನಿಲ್ಕ್."

ಮರುದಿನ ಹಾಲ್‌ನ ಬಾಗಿಲಲ್ಲಿ ಇಬ್ಬರೂ ನಿಂತರು. ಪ್ರಣೀತಾಳ ಕೈಯಲ್ಲಿ ಪನ್ನೀರು ದಾನಿ, ವಿಜೇತಾಳ ಕೈಯಲ್ಲಿ ಗುಲಾಬಿಯ ತಟ್ಟೆ. ಪ್ರಣೀತಾಳ ಕೆನ್ನೆಯ, ಕೈಯ ಹಸಿರೇನೋ ಹೋಗಿತ್ತು, ಕಿವಿಯದ್ದು ಹೋಗಿರಲಿಲ್ಲ. ವಿಜೇತಾಳ ಕಿರುಬೆರಳ ಉಗುರೂ ಹಸಿರಾಗಿತ್ತು. ಬರೀ ಪ್ರೈಮರಿನಲ್ಲಿ ರಿಸೆಪ್ಷನ್‌ಗೆ ಬರುವುದಿಲ್ಲ ಎಂದು ಬೆಳಿಗ್ಗೆ ಅಪ್ಪನ ಹತ್ತಿರ ಹಟ ಮಾಡಿ ಹಚ್ಚಿಸಿಕೊಂಡಿದ್ದಳು.

ಸುಂದರಿ ಕಂಡು ಸೊಂಟಕ್ಕೆ ಕೈ ಕೊಟ್ಟಳು. ಫೋಟೋದವನೂ ಹಿಂದೆಯೇ ಇದ್ದ. ಮಗು ಫೋಟೋದಲ್ಲಿ ಕಾಣುವುದಿಲ್ಲ ಎಂಬ ರಾಗ ಮತ್ತೆ ಶುರುವಾಯಿತು.

"ಫೋಟೋದಗೆ ಕಾಣದಿದ್ರೆ ಅವ್ನ ಲೈಟ್ ಸಮ ಇಲ್ಲ ಅಮ್ಮ," ಅಂದಳು ಶ್ರೀಲತಾ. "ಮಗು ಸಮ ಇತ್ತ್. ನೀನೂ ಸಮ ಇದ್ದೆ."

ಅರವತ್ತೆಂಟು ವರ್ಷದಲ್ಲಿ ಸುಂದರಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಸೆರಗು ಸರಿಮಾಡಿಕೊಂಡು, ಆ ಕಿವಿಗಾದರೂ ಒಂದು ಹೂ ಮುಚ್ಚಿ ಎಂದು ಗೊಣಗಿ ಒಳಗೆ ಹೋದಳು. ಹೂವನ್ನು ಪ್ರಣೀತಾ ಇಟ್ಟುಕೊಳ್ಳಲಿಲ್ಲ. ಕಿವಿಗೆ ಏನಾಯಿತು ಎಂದು ಕೇಳಿದ ನೆಂಟರಿಗೆಲ್ಲ ಬಣ್ಣ ಹೆಚ್ಚಾಯಿತು ಎಂದೇ ಉತ್ತರ ಕೊಟ್ಟಳು.

ಅಷ್ಟರಲ್ಲಿ ವನಜ ರಿಕ್ಷಾದಿಂದ ಇಳಿದಳು. ಮದುಮಗಳ ಸೀರೆಗೆ ಫಾಲ್ಸ್ ಹೊಲಿದು ಕಳುಹಿಸಿ, ಹೊಲಿಗೆಯ ಚೀಲ ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ಬಾಗಿಲ ಕಡೆ ತಲೆಯನ್ನೂ ಎತ್ತಲಿಲ್ಲ. ಹಾಲ್‌ನ ಹೊರಬದಿ ಬಳಸಿಕೊಂಡು ನೇರ ಹಿಂದಿನ ಅಡುಗೆ ಬದಿಗೆ ಹೊರಟಳು. ಮದುಮಗನ ಸ್ವಂತ ಅಕ್ಕ! ಶ್ರೀಲತಾ ಓಡಿಹೋಗಿ ಕೈ ಹಿಡಿದಳು.

"ಅಕ್ಕ, ಇತ್ಲಾಗಿ ಬಾ."

ಪಾಯಸ ತಳ ಹಿಡಿಯುತ್ತದೋ ಏನೋ, ಒಮ್ಮೆ ನೋಡಿ ಬರುತ್ತೇನೆ ಎಂದು ವನಜ ಕೊಸರಿದಳು. ಶ್ರೀಲತಾ ಬಿಡಲಿಲ್ಲ, ಎಳೆದುಕೊಂಡೇ ಬಂದು ಬಾಗಿಲ ಎದುರು ನಿಲ್ಲಿಸಿದಳು. ಪ್ರಣೀತಾ ತುದಿಗಾಲಲ್ಲಿ ನಿಂತು ಪನ್ನೀರು ಚಿಮುಕಿಸಿದಳು. ವನಜ ಕಣ್ಣು ಮುಚ್ಚಿಕೊಂಡಳು.

"ಇದ್ ಇಷ್ಟ್ ತಂಪ್ ಇರತ್ತಾ?" ಅಂದಳು.

ಶ್ರೀಲತಾ ಮುಖ ಆಚೆ ತಿರುಗಿಸಿದಳು. ವನಜ ಒಳಗೆ ಹೋಗಲು ಕಾಲೆತ್ತಿದಾಗ ಪ್ರಣೀತಾ ಅಡ್ಡ ಬಂದಳು.

"ನಿಲ್ಲ್ ದೊಡ್ಡಮ್ಮ," ಅಂದಳು, ಪನ್ನೀರು ದಾನಿ ಮತ್ತೆ ಎತ್ತುತ್ತ. "ಇನ್ನ್ ಎರಡ್ನೇ ಕೋಟ್ ಬಾಕಿ ಇತ್ತ್."